ಆರೂ ಬೋರಲು

ಹುಲುಗೇಶ ಕೌಂಟರಿನ ಮೇಲಿಟ್ಟ ಹಳದಿ ಬಟ್ಟೆಯ ಗಂಟಿಗೆ ಯಶೋಧಾ ಕೈ ಚಾಚಿದ್ದಳು, ಅಷ್ಟರಲ್ಲಿ ಅವನು, "ಚಪ್ಪಲಿ ಬಿಟ್ಟು ಮುಟ್ಟಬೇಕಂತ ಅಕ್ಕ, ನಮ್ಮ ಮನ್ಯಾಕಿ ಕೊಟ್ರಮ್ಮ ಹತ್ತು ಸಲ ಹೇಳಿ ಕಳಿಸ್ಯಾಳ," ಎಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳ ಎಡಗಾಲಿನ ಬೂಟು ಮೊಣಕಾಲಿನ ಮೇಲಿನವರೆಗೂ ಹೋಗುವ ಕಬ್ಬಿಣದ ಪಟ್ಟಿಗೆ ಸೇರಿಕೊಂಡದ್ದು. ಅದನ್ನು ಕಳೆಯುವುದೆಂದರೆ ನಾಲ್ಕು ಬಕಲು ಬಿಚ್ಚಬೇಕು, ಆಮೇಲೆ ಯಾರಾದರೂ ಕುರ್ಚಿ ತಂದುಕೊಡಬೇಕು. ಹುಲುಗೇಶನ ಮಾತು ಯಾವಾಗಲೂ ಅವನಿಗಿಂತ ಎರಡು ಹೆಜ್ಜೆ ಮುಂದೆ ಓಡುತ್ತದೆ, ಅವನು ಹಿಂದಿನಿಂದ ಬಂದು ಹಿಡಿಯುವಷ್ಟರಲ್ಲಿ ಯಾರಿಗಾದರೂ ತಾಗಿಯೇ ತಾಗಿರುತ್ತದೆ. "ನೀನ ಬಿಚ್ಚಪ್ಪ, ನಾ ದೂರದಿಂದ ಕೈ ಮುಗೀತೀನಿ," ಎಂದು ಯಶೋಧಾ ನಕ್ಕಳು. ಅವನು ಚಪ್ಪಲಿ ಕಳೆದು, ಕಂಡಕ್ಟರನ ಕೈಬೆರಳುಗಳಿಂದ ಗಂಟನ್ನು ನಾಜೂಕಾಗಿ ಬಿಚ್ಚಿದ. ಒಳಗೆ ಆರು ಕವಡೆ. ಕವಡೆಗಳ ಬಾಯಿಯ ಸಂದಿನಲ್ಲಿ ವರ್ಷಗಟ್ಟಲೆಯ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ಅಂಚು ಮುರಿದ ಒಂದನ್ನು ಅವಳು ತಕ್ಷಣ ಗುರುತು ಹಿಡಿದಳು. ಆರು ವರ್ಷದ ಹಿಂದೆ ಇದೇ ಬೂತಿನಲ್ಲಿ, ಇದೇ ಕವಡೆಗಳ ಮೇಲೆ ಅವಳೊಂದು ಸುಳ್ಳು ಹೇಳಿದ್ದಳು. ಆ ಸುಳ್ಳು ಕೂಡ್ಲಿಗಿಯ ಹುಲುಗೇಶನ ಮನೆಯಲ್ಲಿ ದೇವರ ಜಗಲಿ ಹತ್ತಿ ಕೂತು, ದಿನಾ ಎರಡು ಹೊತ್ತು ಊದಿನಕಡ್ಡಿಯ ಹೊಗೆ ಕುಡಿಯುತ್ತಿದೆ ಎಂಬುದು ಅವಳಿಗೆ ಈಗಷ್ಟೇ ಗೊತ್ತಾಯಿತು.

"ಅವತ್ತ ಕಿಸೇಕ ಹಾಕ್ಕೊಂಡು ಹೋಗಿದ್ದೆ, ನೀವು ಯಾರೂ ಕೇಳ್ಲಿಲ್ಲ," ಎಂದು ಹುಲುಗೇಶ ಖುಷಿಯಿಂದ ಹೇಳಿದ. "ಒಂದ ಮಾತು ಹೇಳಿರ್ಲಿಲ್ಲ ನಿಮಗ. ಆಟದಾಗ ನನ್ನ ಬೊಮ್ಮ ಸೇತುವಿ ದಾಟಿದ್ರ ನಾಟಕದ ಕಂಪನಿ ಲಾರಿ ಹತ್ತೋದು, ಇಲ್ಲಾಂದ್ರ ಇಲ್ಲ ಅಂತ ಮನಸಿನಾಗ ಅಂದ್ಕೊಂಡಿದ್ದೆ. ಕವಡಿ ಬ್ಯಾಡ ಅಂದ್ವು. ಎರಡ ವರ್ಷಕ್ಕ ಕಂಪನಿ ಮುಚ್ಚಿ ಹೋತು ನೋಡಕ್ಕ! ಹೋಗಿದ್ರ ಇವತ್ತು ಯಾವೂರಾಗ ಬಣ್ಣ ತೊಳ್ಕೊಂತ ಕುಂತಿರ್ತಿದ್ನೋ. ಕೊಟ್ರಮ್ಮ ಇದನ್ನ ಕೇಳಿದಾಕಿನ ಜಗಲಿ ಮ್ಯಾಲೆ ಇಟ್ಟುಬಿಟ್ಲು."

ಮೂಲೆಯಲ್ಲಿ ಕೂತು ಸಿನಿಮಾದ ರಾಣಿಯ ಸೆರಗಿಗೆ ಜರಿ ಹೊಲಿಯುತ್ತಿದ್ದ ನೂರೀನ, "ಯಾ ಅಲ್ಲಾ, ಆಟದ ಕವಡಿಗೆ ಪೂಜಿ!" ಎಂದು ನಕ್ಕಳು. ಅವಳ ಅಣ್ಣ ಸರ್ಫರಾಜ ಕ್ಯಾಮೆರಾದ ಗಾಜು ಒರೆಸುತ್ತಾ ತಾನೂ ನಕ್ಕ. ಯಶೋಧಾ ನಗುವ ಹೊತ್ತಿಗೆ ಸ್ವಲ್ಪ ತಡವಾಯಿತು, ಆದರೆ ನಕ್ಕಳು. ಎದುರಿನ ಬಸ್ ನಿಲ್ದಾಣದಲ್ಲಿ ಕೊಟ್ಟೂರಿನ ಬಸ್ಸು ಹಿಮ್ಮುಖವಾಗಿ ತಿರುಗುತ್ತಿತ್ತು. ಭಾನುವಾರ, ಬೆಳಗಿನ ಹತ್ತೂವರೆ.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರಿಗಿರುವ ಈ ಎಸ್‌ಟಿಡಿ ಬೂತು ಯಶೋಧಾಳ ಸಂಸ್ಥಾನ. ಕಾಲಿನ ಲೆಕ್ಕದಲ್ಲಿ ಸರ್ಕಾರ ಅವಳಿಗೆ ಕೊಟ್ಟದ್ದು, ಆದರೆ ತನ್ನ ಕಾಲನ್ನು ಯಾರಾದರೂ ಕನಿಕರದಿಂದ ನೋಡಿದರೆ ಅವಳಿಗೆ ಮೈ ಉರಿಯುತ್ತದೆ. ಮೂವತ್ತೇಳು ವರ್ಷದಲ್ಲಿ ಅವಳು ಹೊಸಪೇಟೆಯಿಂದಾಚೆ ಹೋದದ್ದು ಎರಡೇ ಸಲ. ಆದರೂ ಏಳು ಬೆಟ್ಟ, ಮೂರು ಕೋಟೆ, ಉಪ್ಪಿನ ಮರುಭೂಮಿ, ಬೆಂಕಿ ಉಗುಳುವ ರೆಕ್ಕೆಯ ಉಡ ಇರುವ ಒಂದು ಸೀಮೆಯನ್ನು ಇಂಚಿಂಚಾಗಿ ಬಲ್ಲಳು, ಯಾಕೆಂದರೆ ಕಟ್ಟಿದವಳು ಅವಳೇ. ಅದರ ಮೂಲ ಒಂದು ರದ್ದಿ ಪುಸ್ತಕ. ತೊಂಬತ್ತನಾಲ್ಕನೆಯ ಇಸವಿಯಲ್ಲಿ ಸರ್ಫರಾಜನ ಅಪ್ಪ, ಟ್ರ್ಯಾಕ್ಟರ್ ಮೆಕ್ಯಾನಿಕ್ ಗುಲಾಮಹುಸೇನ, ಗ್ರೀಸಿನ ಕೈ ಒರೆಸಿಕೊಳ್ಳಲು ತಂದ ರದ್ದಿಯಲ್ಲಿ ಮುಂದಿನ ರಟ್ಟೂ ಹಿಂದಿನ ಹಾಳೆಗಳೂ ಇಲ್ಲದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಯಶೋಧಾ ಅದನ್ನು ನಿಘಂಟು ಹಿಡಿದು ಮಳೆಗಾಲವಿಡೀ ಓದಿದಳು. ಅದು ಕಥೆಯಲ್ಲ, ಕಥೆ ಆಡುವ ಆಟ. ಒಬ್ಬರು ಲೋಕವನ್ನು ಹೇಳುತ್ತಾ ಹೋಗಬೇಕು. ಉಳಿದವರು ಒಬ್ಬೊಬ್ಬರು ಒಂದೊಂದು ವೇಷವಾಗಿ, ನಾನೀಗ ಹೀಗೆ ಮಾಡುತ್ತೇನೆ ಎನ್ನಬೇಕು. ಆಗುತ್ತದೋ ಇಲ್ಲವೋ ಎಂಬುದನ್ನು ಮಾತ್ರ ದಾಳ ಹೇಳಬೇಕು. ಪುಸ್ತಕ ಇಪ್ಪತ್ತು ಮುಖದ ದಾಳ ಕೇಳುತ್ತಿತ್ತು. ಗುಲಾಮಹುಸೇನ ಹಿತ್ತಾಳೆಯನ್ನು ಎರಡು ದಿನ ಅರದಿಂದ ಉಜ್ಜಿ, "ಇದು ಉರುಳಿದ್ರ ನಿಲ್ಲೋದ ಇಲ್ಲ ಬೇಟಿ," ಎಂದು ಕೈಚೆಲ್ಲಿದ. ಆಮೇಲೆ ಆರು ಕವಡೆ ಬಂದವು. ಮೂರು ಅಥವಾ ಹೆಚ್ಚು ಕವಡೆ ಬಾಯಿ ಮೇಲಾಗಿ ಅಂಗಾತ ಬಿದ್ದರೆ ಕೆಲಸ ಆಯಿತು, ಕಡಿಮೆಯಾದರೆ ಇಲ್ಲ. ಆರಕ್ಕೆ ಆರೂ ಬೋರಲು ಬಿದ್ದರೆ ಸಾವು. ಆಟ ಮುಗಿಯುವುದು ಹೇಗೆ ಎಂಬ ಹಾಳೆಯೇ ಪುಸ್ತಕದಲ್ಲಿರಲಿಲ್ಲವಾದ್ದರಿಂದ ಅವರು ಮೂರು ವರ್ಷ, ಪ್ರತಿ ಭಾನುವಾರ, ಮುಗಿಸದೆ ಆಡಿದರು. ಸರ್ಫರಾಜ ಬೀಗ ಒಡೆಯುವ ಕಳ್ಳ, ನೂರೀನ ಮಾಟಗಾತಿ, ಹುಲುಗೇಶ ಬಿಲ್ಲಾಳು ಬೊಮ್ಮ.

ಒಂದು ಪದ್ಧತಿ ಮಾತ್ರ ಪುಸ್ತಕದಲ್ಲಿರದ್ದು, ಇವರದೇ. ಪ್ರಾಣದ ಮೇಲೆ ಬಂದ ದಾಳವನ್ನು ಎಲ್ಲರೆದುರು ಹಾಕುವಂತಿಲ್ಲ. ಯಶೋಧಾ ಕವಡೆ ಹಿಡಿದು ಫೋನಿನ ಗಾಜಿನ ಕ್ಯಾಬಿನ್ನಿನೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಫೋನಿನ ಪಕ್ಕದ ಹಲಗೆಯ ಮೇಲೆ ಹಾಕಬೇಕು. ಹಲಗೆಯಿಂದ ಒಂದು ಗೇಣು ಮೇಲಿನವರೆಗೂ ಗಾಜಿಗೆ ಬಣ್ಣದ ಕಾಗದ ಅಂಟಿಸಿದ್ದರಿಂದ ಹೊರಗಿನವರಿಗೆ ಅವಳ ಮುಖ ಕಾಣುತ್ತಿತ್ತು, ಕವಡೆ ಕಾಣುತ್ತಿರಲಿಲ್ಲ. ಅವಳು ಹೊರಗೆ ಬಂದು ಹೇಳಿದ್ದೇ ಸತ್ಯ. ಆ ಕೆಲವು ಕ್ಷಣ ಮೂವರೂ ಉಸಿರು ಬಿಗಿಹಿಡಿದು ತನ್ನ ಮುಖವನ್ನೇ ನೋಡುವುದು ಅವಳಿಗೆ ಇಷ್ಟವಾಗುತ್ತಿತ್ತು, ಬಹಳ ಇಷ್ಟವಾಗುತ್ತಿತ್ತು. ತೊಂಬತ್ತೇಳರ ಶ್ರಾವಣದ ಆ ಭಾನುವಾರ ಬೊಮ್ಮ ಏಳನೆಯ ಬೆಟ್ಟ ಏರುತ್ತಿದ್ದ. ಏರು ಕಡಿದಾಗಿದೆ, ಮೀನಖಂಡ ಸೆಟೆಯುತ್ತಿದೆ, ಉಸಿರು ಸಾಲದು ಎಂದು ಅವಳು ಕಣ್ಣು ಮುಚ್ಚಿ ಹೇಳುತ್ತಿದ್ದಾಗ ಹುಲುಗೇಶ, "ಏರಿದಾರು ಹೇಳಬೇಕು ಬಿಡಕ್ಕ ಆ ಮಾತು, ನಿನಗ ಹೆಂಗ ಗೊತ್ತು?" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅದರ ಹಿಂದೆಯೇ ಅವನು, ತನ್ನ ದನಿ ಕೇಳಿ ನಾಟಕದ ಕಂಪನಿಯ ಮಾಲೀಕರು ಕರೆದಿದ್ದಾರೆ, ನಾಳೆ ಲಾರಿ ಹೊರಡುತ್ತದೆ ಎಂದೂ ಹೇಳಿದ. ಆಮೇಲೆ ಸೇತುವೆ, ರೆಕ್ಕೆಯ ಉಡ, ಕ್ಯಾಬಿನ್ನು. ಹಲಗೆಯ ಮೇಲೆ ಐದು ಕವಡೆ ಅಂಗಾತ ಬಿದ್ದವು, ಒಂದು ಬೋರಲು. ಕ್ಯಾಬಿನ್ನಿನಲ್ಲಿ ಅಂಥ ಚೆಂದದ ದಾಳ ಮೂರು ವರ್ಷದಲ್ಲಿ ನಾಲ್ಕು ಸಲವೂ ಬಿದ್ದಿರಲಿಲ್ಲ. ಅವಳು ಅವನ್ನು ಅಂಗೈಗೆ ಬಳಿದುಕೊಂಡು ಹೊರಗೆ ಬಂದು, "ಆರೂ ಬೋರಲು," ಎಂದಳು.

ಯಾಕೆ ಹೇಳಿದೆ ಎಂದು ಆರು ವರ್ಷ ತನ್ನನ್ನೇ ಕೇಳಿಕೊಂಡಿದ್ದಾಳೆ, ಪ್ರತಿ ಸಲ ಬೇರೆ ಉತ್ತರ. ತನ್ನ ಕಾಲಿಗೆ ತಾಗಿದ ಆ ಮಾತಿಗಾಗಿ. ಅವನು ಹೋದರೆ ಭಾನುವಾರಗಳು ಬರಿದಾಗುತ್ತವೆ ಎಂಬ ಭಯ ಹುಟ್ಟಿಸಿದ ಸಿಟ್ಟಿಗಾಗಿ. ಕೊನೆಗೆ ಬರಿದಾದದ್ದು ಅವಳ ಸುಳ್ಳಿನಿಂದಲೇ, ಅಂದಿನಿಂದ ಯಾರೂ ಆಟಕ್ಕೆ ಬರಲಿಲ್ಲ. ಇನ್ನೊಂದು ಉತ್ತರವೂ ಇದೆ, ಅದು ಎಲ್ಲಕ್ಕಿಂತ ಕೆಟ್ಟದ್ದು: ಬೊಮ್ಮ ಅಲ್ಲಿ ಸತ್ತರೆ ಕಥೆ ಚೆನ್ನಾಗಿರುತ್ತದೆ ಎಂದು ಅನ್ನಿಸಿತ್ತು.

ಸಿನಿಮಾದ ಹುಚ್ಚು ಹತ್ತಿಸಿದವನು ಸರ್ಫರಾಜ. ನಾಲ್ಕು ತಿಂಗಳ ಹಿಂದೆ ಬೂತಿಗೆ ಬಂದು, "ಮದುವಿ ವಿಡಿಯೊ ತಗದು ತಗದು ಕನಸಿನಾಗೂ ಅಕ್ಕಿಕಾಳು ಬೀಳಾಕತ್ತಾವ ಅಕ್ಕ. ನಮ್ಮ ಆಟಾನ ಸಿನಿಮಾ ಮಾಡೋಣು, ಯುಗಾದಿ ದಿನ ಊರ ಕೇಬಲ್‌ನಾಗ ಹಾಕಸ್ತೀನಿ," ಎಂದಿದ್ದ. ಆಟವನ್ನು ಸಿನಿಮಾ ಮಾಡುವುದು ಎಷ್ಟು ಪೀಕಲಾಟ ಎಂಬುದು ಆಮೇಲೆ ತಿಳಿಯಿತು. ಆಟದಲ್ಲಿ ಅವಳು "ಮುಂದೊಂದು ಸೇತುವೆ" ಎಂದಷ್ಟೇ ಹೇಳಿದ್ದಳು. ಹುಲುಗೇಶ ಹಗ್ಗದ ಸೇತುವೆಯ ಮೇಲೆ ನಡೆದಿದ್ದ, ನೂರೀನ ಕಲ್ಲಿನದರ ಮೇಲೆ, ಸರ್ಫರಾಜ ಕಬ್ಬಿಣದ ಸರಪಳಿಯ ಮೇಲೆ. ಮೂವರೂ ಒಂದೇ ಸೇತುವೆ ದಾಟಿದ್ದೇವೆಂದು ಇಷ್ಟು ವರ್ಷ ನಂಬಿದ್ದವರು ಈಗ ಒಂದು ವಾರ ಜಗಳವಾಡಿದರು. ಕೊನೆಗೆ ಕಾಲುವೆಯ ಮೇಲಿನ ಹಲಗೆಗೆ ಹುರಿಹಗ್ಗ ಕಟ್ಟಿ, ಯಶೋಧಾ ಕೆಳಗಿನಿಂದ ಹೊಗೆ ಹಾಕಿಸಿ, ಮೂವರೂ ಒಪ್ಪುವ ಸೇತುವೆ ಮಾಡಿದಳು. ರೆಕ್ಕೆಯ ಉಡವನ್ನು ಗುಲಾಮಹುಸೇನ ಟ್ರ್ಯಾಕ್ಟರಿನ ರೇಡಿಯೇಟರು, ಸೈಲೆನ್ಸರು, ತಾಡಪಾಲು ಸೇರಿಸಿ ಕಟ್ಟಿಕೊಟ್ಟ, ಅದು ನಿಜಕ್ಕೂ ಭಯ ಹುಟ್ಟಿಸಿತು. ಕೋಟೆಗೆ ಬಾಗಳಿಯ ಕಲ್ಲೇಶ್ವರನ ಗುಡಿಯ ಕಂಬಗಳು. ಅಲ್ಲಿ ಅವಳು ಮೆಟ್ಟಿಲ ಪಕ್ಕ, ಊರುಗೋಲನ್ನು ತೊಡೆಗೆ ಒರಗಿಸಿಕೊಂಡು ಶಾಟುಗಳ ಪಟ್ಟಿ ನೋಡುತ್ತಿದ್ದಾಗ ಯಾರೋ ಪುಣ್ಯಾತ್ಮ ಎರಡು ರೂಪಾಯಿ ನಾಣ್ಯವನ್ನು ಅವಳ ಮಡಿಲಿಗೆ ಹಾಕಿ ಮುಂದೆ ಹೋದ. ಸರ್ಫರಾಜ ಅವನನ್ನು ಅಟ್ಟಿಸಿಕೊಂಡು ಹೋಗುವವನಿದ್ದ. ಅವಳು ತಡೆದು, ಆ ನಾಣ್ಯಕ್ಕೆ ಬಂಗಾರದ ಬಣ್ಣ ಬಳಿಸಿ, ರಾಣಿ ದ್ವಾರಪಾಲಕನಿಗೆ ಲಂಚ ಕೊಡುವ ದೃಶ್ಯದಲ್ಲಿ ಉಪಯೋಗಿಸಿದಳು. ಆ ಶಾಟು ಇಡೀ ಸಿನಿಮಾದಲ್ಲೇ ಚೆನ್ನಾಗಿ ಬಂದಿದೆ. ತಾನು ಕೆಲಸ ಬಲ್ಲವಳು ಎಂಬುದರಲ್ಲಿ ಯಶೋಧಾಳಿಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ.

ಉಳಿದದ್ದು ಎರಡೇ: ಬೊಮ್ಮ ಸಾಯುವ ಮುಖ, ಮತ್ತು ಕವಡೆ ಬೀಳುವ ಶಾಟು. ಮುಖವನ್ನು ಹೋದ ಭಾನುವಾರ ಸೇತುವೆಯ ಮೇಲೆ ಐದು ಸಲ ತೆಗೆದಿದ್ದರು, ಐದೂ ಕೆಟ್ಟಿದ್ದವು. ಹುಲುಗೇಶನಿಗೆ ನಟನೆ ಬರುವುದಿಲ್ಲ ಎಂದಲ್ಲ. ದಿನಕ್ಕೆ ಎಂಟು ಸಲ ಬಸ್ಸಿನ ಬಾಗಿಲಲ್ಲಿ ನಿಂತು ಕೊಟ್ಟೂರು ಕೊಟ್ಟೂರು ಕೊಟ್ಟೂರು ಎಂದು ಅವನು ಕೂಗಿದರೆ ನಿಲ್ದಾಣದಲ್ಲಿ ಮಲಗಿದವನೂ ಟಿಕೆಟ್ ತೆಗೆಸಬೇಕು, ಅಂಥ ಕಂಠ. ಆದರೆ ಸಾಯುವಾಗ ಅವನ ಮುಖದ ಮೇಲೆ ಒಂದು ತೃಪ್ತಿ ಬಂದು ಕೂರುತ್ತಿತ್ತು, ಪ್ರಸಾದ ತಿಂದವರ ಕಳೆ. ಇದೆಲ್ಲಿಂದ ಬಂತು ಎಂದು ಯಶೋಧಾ ವಾರವಿಡೀ ತಲೆ ಕೆಡಿಸಿಕೊಂಡಿದ್ದಳು. ಈಗ, ಕುಂಕುಮ ಹತ್ತಿದ ಕವಡೆ ನೋಡಿದ ಮೇಲೆ ತಿಳಿಯಿತು. ಅವನು ಆ ಸಾವಿಗೆ ವರ್ಷಗಳಿಂದ ಕೃತಜ್ಞನಾಗಿದ್ದಾನೆ. ಅವತ್ತಿನ ಮುಖ ಅದಾಗಿರಲಿಲ್ಲ. ಅವತ್ತು "ಆರೂ ಬೋರಲು" ಎಂದಾಗ ಹುಲುಗೇಶನ ಮುಖದಿಂದ ಎಲ್ಲವೂ ಒಮ್ಮೆಲೇ ಇಳಿದುಹೋಗಿತ್ತು. ಅವನು ಇಪ್ಪತ್ತೆಂಟು ವರ್ಷದ ಗಂಡಸು, ಕೆಳತುಟಿ ಅದುರಿದ್ದನ್ನು ಮುಚ್ಚಲು ನೀರಿನ ಲೋಟ ಎತ್ತಿ ಹಿಡಿದುಕೊಂಡಿದ್ದ, ಕುಡಿಯಲಿಲ್ಲ. ಆ ಮುಖ ಅವಳಿಗೆ ಬೇಕಾಗಿತ್ತು. ಸಿನಿಮಾಕ್ಕೆ ಬೇಕಾಗಿತ್ತು ಎಂದು ತಿದ್ದಿಕೊಂಡಳು.

"ಮೊದ್ಲು ಕವಡಿ ಶಾಟು ಮುಗಿಸೋಣು," ಎಂದು ಸರ್ಫರಾಜ ನೆಲಕ್ಕೆ ಕರಿ ಕಂಬಳಿ ಹಾಸಿ, ಕ್ಯಾಮೆರಾ ಬಗ್ಗಿಸಿ ಹಿಡಿದ. ಹುಲುಗೇಶ ಕಣ್ಣಿಗೊತ್ತಿಕೊಂಡು ಕವಡೆ ಹಾಕಿದ. ಮೂರು ಅಂಗಾತ. ಮತ್ತೆ ಹಾಕಿದ, ಎರಡು. ಮತ್ತೆ ನಾಲ್ಕು. ಇಪ್ಪತ್ತು ಸಲ ಆಯಿತು, ಮೂವತ್ತು ಆಯಿತು, ಒಮ್ಮೆ ಐದು ಬೋರಲಾಗಿ ಆರನೆಯದು ತಿರುಗಿ ತಿರುಗಿ ಕೊನೆಗೆ ಬಾಯಿ ಬಿಟ್ಟುಕೊಂಡು ಮಲಗಿತು. ನಡುವೆ ಪಕ್ಕೀರಮ್ಮ ಎಂಬ ಮುದುಕಿ ಹರಪನಹಳ್ಳಿಯ ಮಗಳಿಗೆ ಫೋನು ಮಾಡಲು ಬಂದವಳು, ಕಂಬಳಿ, ಕವಡೆ, ಕುಂಕುಮ ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಶಾಸ್ತ್ರ ಕೇಳ್ತೀರೇನ್ರವ್ವ? ನನ್ನ ಮಗಳಿಗೆ ಈ ಸಲರ ಗಂಡು ಆಕ್ಕತೋ ಇಲ್ಲೋ ಒಂದೀಟು ನೋಡ್ರಿ."

"ಇವು ಆಟದವು ಅಮ್ಮ," ಎಂದಳು ಯಶೋಧಾ. "ಇವುನ್ನ ನಂಬಬ್ಯಾಡ, ಸುಳ್ಳು ಹೇಳ್ತಾವ."

"ಅಯ್ಯ, ಕವಡಿ ಯಾಕ ಸುಳ್ಳು ಹೇಳ್ತಾವ ತಾಯಿ? ಅವಕ್ಕೇನು ಆಸಿ ಐತಿ?" ಎಂದು ಮುದುಕಿ ಎದ್ದು, ಫೋನಿನಲ್ಲಿ ಐದು ನಿಮಿಷ ಮಗಳನ್ನು ಬೈದು, ಕಣ್ಣೊರೆಸಿಕೊಂಡು ಹೋದಳು. ಅವಳ ಎಲೆ ಅಡಿಕೆಯ ವಾಸನೆ ಬೂತಿನಲ್ಲಿ ಉಳಿಯಿತು.

ಸರ್ಫರಾಜ ಬೆನ್ನು ನೆಟ್ಟಗೆ ಮಾಡಿಕೊಂಡು, "ಸಾಕಪ್ಪ. ಆರೂ ಬೋರಲಾ ಮಾಡಿ ಕೈಯಾಗ ಇಟ್ಟುಬಿಡು. ಬೀಳೋದು ಒಂದು ಶಾಟು, ಬಿದ್ದಿದ್ದು ಒಂದು ಶಾಟು. ಯಾರಿಗೆ ಗೊತ್ತಾಕ್ಕತಿ?" ಎಂದ. ಹುಲುಗೇಶ ಕವಡೆಗಳ ಮೇಲೆ ಅಂಗೈ ಮುಚ್ಚಿ ಹಿಡಿದ. "ಕೈಲೆ ಇಡಬಾರದಲೇ. ಹೆಂಡ್ತಿ ದಿನಾ ಕೈ ಮುಗಿಯೋ ಸಾಮಾನು. ತಾವಾ ಬೀಳ್ತಾವ. ಅವತ್ತು ಬಿದ್ದಿಲ್ಲೇನು?" ಎಂದು ತಲೆ ಎತ್ತಿ ಯಶೋಧಾಳ ಕಡೆ ನೋಡಿದ, ಸಾಕ್ಷಿ ಕೇಳುವವರ ಹಾಗೆ. ಅವಳು ಫೋನಿನ ಮೀಟರಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಿದ್ದಳು. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ಅವನಿಗೆ ನೌಕರಿ ಇದೆ, ಸಂಸಾರ ಇದೆ, ಜಗಲಿಯ ಮೇಲೆ ದೇವರ ಜೊತೆ ಆರು ಕವಡೆ ಇವೆ. ಇವೆಲ್ಲ ನಿನ್ನ ಸುಳ್ಳಿನ ಪುಣ್ಯ ಎಂದು ಮನಸ್ಸು ಜಾಣತನದಿಂದ ಹೇಳಿತು. ಆ ಜಾಣತನ ಕೇಳಿಯೇ ಅವಳಿಗೆ ಹೇಸಿಕೆಯಾಯಿತು. ಅವನ ಬಾಳಿನ ತಿರುವನ್ನು ಬರೆದವಳು ತಾನು, ಅವನು ಅದಕ್ಕೆ ಊದಿನಕಡ್ಡಿ ಹಚ್ಚುತ್ತಿದ್ದಾನೆ, ತಾನು ಕೌಂಟರಿನ ಹಿಂದೆ ಕೂತು ಅದನ್ನು ಅನುಭವಿಸುವುದೇ? ಅದೆಲ್ಲಾ ಹೋಗಲಿ, ಅವನು ಹೀಗೆ ತೃಪ್ತಿಯಿಂದ ಸಾಯುತ್ತಿದ್ದರೆ ಸಿನಿಮಾ ಕೆಟ್ಟುಹೋಗುತ್ತದೆ. ಈ ಎರಡರಲ್ಲಿ ಯಾವುದು ತನ್ನ ಬಾಯಿ ತೆರೆಸಿತು ಎಂಬುದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

"ಬಿದ್ದಿರ್ಲಿಲ್ಲ ಹುಲುಗೇಶ," ಎಂದಳು. "ಅವತ್ತು ಆರೂ ಬೋರಲು ಬಿದ್ದಿರ್ಲಿಲ್ಲ. ನಾ ಸುಳ್ಳು ಹೇಳಿದೆ. ನಿನ್ನ ಬೊಮ್ಮ ದಾಟಿದ್ದ."

ನೂರೀನಳ ಸೂಜಿ ನಿಂತಿತು. ಹುಲುಗೇಶ ಅವಳ ಮುಖವನ್ನೇ ನೋಡಿದ, ಆಮೇಲೆ ಸರ್ಫರಾಜನ ಮುಖ ನೋಡಿದ, ಆಮೇಲೆ ಬಸ್ಸಿನ ದನಿಯಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟ. "ನೋಡಲೇ ಸರ್ಫರಾಜ, ಹೆಂಗ ಬಿಟ್ಲು ನೋಡು ಬಾಣ! ಸಾಯೋ ಸೀನಿನಾಗ ನನಗ ಅಳು ಬರವಲ್ದು ಅಂತ ಅಕ್ಕ ಕಥಿ ಕಟ್ಟ್ಯಾಳ. ಒಂದ ಕ್ಷಣ ನನ್ನ ಎದಿ ಧಸಕ್ ಅಂತಪ್ಪ!" ಸರ್ಫರಾಜನೂ ನಕ್ಕ, ಅವನದು ಅರ್ಧ ನಗು. "ಕಥಿ ಅಲ್ಲೋ," ಎಂದಳು ಯಶೋಧಾ. "ಮತ್ತ ಹಂಗ ಅನ್ನಬೇಕು ನೀನು," ಎಂದ ಹುಲುಗೇಶ, ಇನ್ನೂ ಮೆಚ್ಚುಗೆಯಿಂದ. ಅವಳ ಮುಖಕ್ಕೆ ಹೊಡೆದಂತಾಯಿತು. ಸುಳ್ಳನ್ನು ಕಣ್ಣಿಗೊತ್ತಿಕೊಂಡು ನಂಬಿದವನು ನಿಜವನ್ನು ಕಥೆಯೆಂದು ಹೊಗಳುತ್ತಿದ್ದ. ಮೂರು ವರ್ಷ ಅಷ್ಟು ಚೆನ್ನಾಗಿ ಕಥೆ ಹೇಳಿದ್ದಕ್ಕೆ ಸಿಕ್ಕ ಬಹುಮಾನ ಇದು. ಅತ್ತುಬಿಡಬಹುದಿತ್ತು, ಆಣೆ ಇಡಬಹುದಿತ್ತು. ಅತ್ತರೆ ಅದನ್ನೂ ನಟನೆ ಎಂದು ಹೊಗಳುತ್ತಾನೆ, ಈ ಮನುಷ್ಯನನ್ನು ನಂಬುವ ಹಾಗಿಲ್ಲ.

ಆಗ ಅವಳಿಗೆ ಹೊಳೆಯಿತು, ಹೊಳೆದೊಡನೆ ಮೈಯಲ್ಲಿ ಬಲ ಬಂತು. ನಾಲ್ಕು ತಿಂಗಳ ಶೂಟಿಂಗಿನಲ್ಲಿ ಕ್ಯಾಮೆರಾ ಅವಳ ಕಡೆ ಒಮ್ಮೆಯೂ ತಿರುಗಿರಲಿಲ್ಲ. ಆಟವನ್ನು ಸಿನಿಮಾ ಮಾಡುವಾಗ ಅವಳು ಎಲ್ಲವನ್ನೂ ತಂದಿದ್ದಳು, ಬೆಟ್ಟ ತಂದಳು, ಉಡ ತಂದಳು, ಕಥೆ ಹೇಳುವವಳನ್ನು ಮಾತ್ರ ಹೊರಗೆ ಬಿಟ್ಟಿದ್ದಳು. ಕಾಲು ಕಾಣುತ್ತದೆ ಎಂದು. ಬೊಮ್ಮ ಸತ್ತದ್ದು ಸೇತುವೆಯ ಮೇಲೆ ಎಂದು ಎಲ್ಲರೂ ತಿಳಿದಿದ್ದಾರೆ, ಅವಳೂ ಹಾಗೇ ಬರೆದಿದ್ದಳು. ಅವನು ಸತ್ತದ್ದು ಈ ಬೂತಿನಲ್ಲಿ.

"ಸೀನು ಬದ್ಲ ಮಾಡೇನಿ," ಎಂದಳು. "ಸರ್ಫರಾಜ, ಸ್ಟೂಲ್ ಹತ್ತು. ಕ್ಯಾಬಿನ್ನಿಗೆ ಮ್ಯಾಲೆ ಮುಚ್ಚಿಗಿ ಇಲ್ಲ, ಅಲ್ಲಿಂದ ಕವಡಿ ಕಾಣ್ತಾವ. ನಾ ಒಳಗ ಹೋಗಿ ಹಾಕ್ತೀನಿ. ಎಷ್ಟರ ಬೀಳಲಿ, ಹಿಡಿ. ಆಮ್ಯಾಲೆ ಕಟ್ ಮಾಡಬ್ಯಾಡ, ನಾ ಹೊರಗ ಬಂದು ಹೇಳೋ ತನಕ ನನ್ನ ಕೂಡ ಬಾ. ಹುಲುಗೇಶ, ನೀ ಅವತ್ತಿನ ಜಾಗದಾಗ ನಿಲ್ಲು."

"ಕಾಲು ಬರ್ತಾವಕ್ಕ ಫ್ರೇಮಿನಾಗ," ಎಂದು ಸರ್ಫರಾಜ ಮೆಲ್ಲಗೆ ಹೇಳಿದ.

"ಬರಲಿ."

ಕ್ಯಾಬಿನ್ನಿನೊಳಗೆ ಪಕ್ಕೀರಮ್ಮನ ಉಸಿರಿನ ಬಿಸಿ ಇನ್ನೂ ಇತ್ತು. ಯಶೋಧಾ ಬಾಗಿಲು ಹಾಕಿಕೊಂಡು, ಊರುಗೋಲನ್ನು ಮೂಲೆಗೆ ಒರಗಿಸಿ, ಮೇಲೆ ನೋಡದೆ ಕವಡೆ ಹಾಕಿದಳು. ಬೂಟು ಕಾಲಲ್ಲೇ ಇತ್ತು. ಕೊಟ್ರಮ್ಮನ ನೇಮ ಯಾರಿಗೂ ನೆನಪಾಗಲಿಲ್ಲ. ನಾಲ್ಕು ಅಂಗಾತ, ಎರಡು ಬೋರಲು. ಎಣಿಸಿದಳು, ಬಳಿದುಕೊಂಡಳು, ಹೊರಗೆ ಬಂದಳು. ಹೇಳಬೇಕಾದ್ದನ್ನು ಹೇಳಿದಳು. ತಾನು ಇದರಲ್ಲಿ ಇಷ್ಟು ನುರಿತಿದ್ದೇನೆ ಎಂಬುದು ಅವಳಿಗೇ ಆಶ್ಚರ್ಯವಾಯಿತು. ಹುಲುಗೇಶ ತನ್ನ ಜಾಗದಲ್ಲಿ ನಿಂತು ಚೆನ್ನಾಗಿಯೇ ಸತ್ತ, ಅದೇ ಪ್ರಸಾದದ ಕಳೆ.

ತೆಗೆದದ್ದನ್ನು ಕೂಡಲೇ ನೋಡುವುದು ಇವರ ರೂಢಿ. ಯಶೋಧಾ ಕವಡೆಗಳನ್ನು ಕೌಂಟರಿನ ಮೇಲಿಟ್ಟಳು, ಸರ್ಫರಾಜ ಅಲ್ಲೇ ಇದ್ದ ಸಣ್ಣ ಟಿವಿಗೆ ವೈರು ಸಿಕ್ಕಿಸಿದ. ನಾಲ್ವರೂ ಬಗ್ಗಿ ನೋಡಿದರು. ಮೇಲಿನಿಂದ ಅವಳ ಬೈತಲೆ, ಹಲಗೆ, ಕೈ, ಕವಡೆಗಳು. "ನಾಕು," ಎಂದು ಹುಲುಗೇಶ ಅಂಪೈರಿನ ಗತ್ತಿನಲ್ಲಿ ಹೇಳಿದ. ಬಾಗಿಲು ತೆರೆಯಿತು. ಟಿವಿಯ ಯಶೋಧಾ ಕಬ್ಬಿಣದ ಕಾಲನ್ನು ಎಳೆದುಕೊಂಡು ಹೊರಗೆ ಬಂದಳು, ಊರುಗೋಲನ್ನು ಕಂಕುಳಿಗೆ ಸರಿಯಾಗಿ ಹೊಂದಿಸಿಕೊಂಡಳು, ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿದಳು, ದಿನಾಂಕ ಹೇಳುವಷ್ಟೇ ಸಹಜವಾಗಿ "ಆರೂ ಬೋರಲು" ಎಂದಳು. ತಾನು ಕ್ಯಾಲೆಂಡರಿನ ಕಡೆ ನೋಡಿದ್ದು ಯಶೋಧಾಳಿಗೆ ಗೊತ್ತೇ ಇರಲಿಲ್ಲ.

"ನಿಲ್ಲಸು," ಎಂದ ಹುಲುಗೇಶ. "ಹಿಂದಕ ಹಾಕು."

ಸರ್ಫರಾಜ ಹಾಕಿದ. ಮತ್ತೆ ಬಾಗಿಲು, ಊರುಗೋಲು, ಕ್ಯಾಲೆಂಡರು, ಮಾತು.

"ಇನ್ನೊಮ್ಮಿ."

ಮೂರನೆಯ ಸಲ ಅವನು ಟಿವಿ ನೋಡಲಿಲ್ಲ, ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದ. "ಅವತ್ತೂ ನೋಡಿದ್ದಿ," ಎಂದ. ದನಿ ಸಣ್ಣಗಾಗಿತ್ತು. "ಬಂದಿ, ಕೋಲು ಸರಿ ಮಾಡ್ಕೊಂಡಿ, ಕ್ಯಾಲೆಂಡರ ನೋಡಿದಿ, ಆಮ್ಯಾಲೆ ಹೇಳಿದಿ. ನನಗ ಹೇಳಾಕ ಆಗದ ಆಕಡಿ ನೋಡ್ಯಾಳ ಪಾಪ ಅಂದ್ಕೊಂಡಿದ್ದೆ ನಾನು. ಆರು ವರ್ಷ ಹಂಗ ಅಂದ್ಕೊಂಡೇನಿ."

ಯಶೋಧಾ ಕೈ ಚಾಚಿ ಟಿವಿ ಆರಿಸಿದಳು.

"ಅವತ್ತು ಎಷ್ಟು ಅಂಗಾತ ಇದ್ವು ಅಕ್ಕ?"

"ಐದು."

ಐದು ಎಂದು ಅವನು ತುಟಿಯಲ್ಲಿ ಮಾತ್ರ ಅಂದ. ಮುಖದಿಂದ ಎಲ್ಲವೂ ಒಮ್ಮೆಲೇ ಇಳಿಯಿತು, ಅದೇ ಹಾಗೆ, ಕೆಳತುಟಿ ಅದುರಿತು, ಕೈ ತನ್ನಷ್ಟಕ್ಕೆ ನೀರಿನ ಲೋಟ ಹುಡುಕಿತು, ಸಿಗಲಿಲ್ಲ. ಸರ್ಫರಾಜನ ಕೈ ಕ್ಯಾಮೆರಾದ ಮೇಲಿತ್ತು. ಅವನು ಯಶೋಧಾಳ ಕಡೆ ನೋಡಿದ, ಕಣ್ಣಿನಲ್ಲೇ ಕೇಳಿದ. ಅವಳು ಕೇಳುತ್ತಿದ್ದ ಮುಖ ಎದುರಿಗಿತ್ತು. ಅವಳು ಬೇಡವೆಂದು ಅಂಗೈ ಎತ್ತಿದಳು. ಸಿನಿಮಾ ಹಾಳಾಗಲಿ, ಆ ಮುಖವನ್ನು ಎರಡನೆಯ ಸಲ ತಾನು ತೆಗೆದುಕೊಳ್ಳುವುದಿಲ್ಲ ಎಂದು ಅವಳು ನಿಶ್ಚಯಿಸಿದ್ದಳು.

"ಹಿಡಿಯಲೇ ಸರ್ಫರಾಜ," ಎಂದ ಹುಲುಗೇಶ. ಅವನು ತಲೆ ತಿರುಗಿಸಲಿಲ್ಲ, ಮುಖವನ್ನು ಇದ್ದಲ್ಲೇ ಇಟ್ಟುಕೊಂಡಿದ್ದ. "ಆಕೀನ ಏನ್ ಕೇಳ್ತಿ? ಮುಖ ನಂದು. ಹಿಡಿ, ಇದು ಮತ್ತ ಬರಂಗಿಲ್ಲ."

ಸರ್ಫರಾಜ ಕ್ಯಾಮೆರಾ ಎತ್ತಿದ. ಕೆಂಪು ದೀಪ ಹತ್ತಿತು. ಹುಲುಗೇಶ ಅವಳನ್ನೇ ನೋಡುತ್ತಾ ನಿಂತ, ನಾಟಕದ ಕಂಪನಿಯ ಲಾರಿ ಹೊರಟುಹೋಗುವಷ್ಟು ಹೊತ್ತು ನಿಂತ. ಕಣ್ಣಿನಿಂದ ಒಂದು ಹನಿಯೂ ಬೀಳಿಸಲಿಲ್ಲ. ನೂರೀನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಶೋಧಾ ಕಣ್ಣು ತೆಗೆಯಲಿಲ್ಲ. ಕ್ಯಾಲೆಂಡರಿನ ಕಡೆ ನೋಡಬೇಕೆನ್ನಿಸಿತು, ನೋಡಲಿಲ್ಲ. ಇವನು ಎಂಥ ನಟ, ಯಾವ ಊರಿನ ರಂಗದ ಮೇಲೆ ಇವನು ಹೀಗೆ ನಿಲ್ಲಬೇಕಾಗಿತ್ತು ಎಂಬುದು ಅವಳಿಗೆ ಆಗ ಪೂರ್ತಿ ಗೊತ್ತಾಯಿತು.

"ಸಾಕು," ಎಂದು ಕೊನೆಗೆ ಅವನೇ ಹೇಳಿದ. ಸರ್ಫರಾಜ ಕ್ಯಾಮೆರಾ ಇಳಿಸಿದ. ಹುಲುಗೇಶ ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡ, ಏನೋ ಮರೆತವನಂತೆ ತಿರುಗಿ ಬಂದ, ಚಪ್ಪಲಿ ಕಾಲಲ್ಲೇ ಕೌಂಟರಿನ ಮೇಲಿನ ಆರೂ ಕವಡೆಗಳನ್ನು ಬಳಿದು ಯಶೋಧಾಳ ಅಂಗೈಗೆ ಸುರಿದ. ಹಳದಿ ಬಟ್ಟೆಯನ್ನು ಮಾತ್ರ ಮಡಚಿ ಕಿಸೆಗೆ ಇಟ್ಟುಕೊಂಡ.

"ಕೊಟ್ರಮ್ಮಗ ಏನ್ ಹೇಳ್ತಿ?" ಎಂದಳು ಅವಳು.

"ಅದು ನನ್ನ ಕಥಿ ಅಕ್ಕ," ಎಂದ ಹುಲುಗೇಶ. "ಅದೊಂದನ್ನರ ನನಗ ಬಿಡು."

ಅವನು ರಸ್ತೆ ದಾಟಿದ. ಕೂಡ್ಲಿಗಿಯ ಬಸ್ಸು ಇನ್ನೂ ತುಂಬಿರಲಿಲ್ಲ, ಹೊರಡಲು ಹೊತ್ತಿತ್ತು. ನೂರೀನ ಕುರ್ಚಿ ತಂದು ಹಿಂದೆ ಇಟ್ಟಳು. ಅವನು ಹತ್ತಿ, ಬಸ್ಸು ನಿಲ್ದಾಣ ಬಿಟ್ಟು ಹೋಗುವವರೆಗೂ ಯಶೋಧಾ ಕವಡೆ ಹಿಡಿದುಕೊಂಡು ನಿಂತೇ ಇದ್ದಳು, ಕೂರಲಿಲ್ಲ.